ಕೂಸಿಗೆ ಓಗೊಡುವವರು

ಹೊಸೂರಿನಿಂದ ಧರ್ಮಪುರಿಗೆ ಹೋಗುವ ರೈಲುದಾರಿಯಲ್ಲಿ ರಾಯಕೋಟೆಗೆ ಮೊದಲು ಸಿಕ್ಕುವ ಕೆಲಮಂಗಲದ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಕಾಣಬರುವುದು ಒಂದು ದಂಡಿನ ದೆಸೆಯಿಂದ. 1799ರ ಮಾರ್ಚ್ ತಿಂಗಳಿನಲ್ಲಿ ಟಿಪ್ಪು ಸುಲ್ತಾನನ ಮೇಲೆ ಏರಿ ಹೊರಟ ಜನರಲ್ ಹ್ಯಾರಿಸನ ಸೇನೆಯು ಶ್ರೀರಂಗಪಟ್ಟಣದ ದಾರಿ ಹಿಡಿಯುವ ಮುನ್ನ ಇಲ್ಲಿ ಬೀಡುಬಿಟ್ಟಿತ್ತು. ತರುವಾಯ ಸೇಲಂ ಜಿಲ್ಲೆಯೊಳಗಿದ್ದು, 1965ರಲ್ಲಿ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿಗೂ ಸೇರುತ್ತ ಬಂದ ಈ ನೆಲದಲ್ಲಿ, ಕಚೇರಿಯ ಭಾಷೆ ಯಾವುದಾಗಿದ್ದರೂ ಮನೆಯ ಹೊಸ್ತಿಲಿನೊಳಗೆ ಕನ್ನಡ, ತೆಲುಗು, ತಮಿಳು, ಉರ್ದು ಎಂಬ ನಾಲ್ಕು ನುಡಿಗಳು ಒಂದೇ ಬೀದಿಯ ಎದುರುಬದುರು ಮನೆಗಳಲ್ಲಿ ನೆಮ್ಮದಿಯಿಂದ ಬಾಳಿಕೊಂಡು ಬಂದಿವೆ. ಈಗ ನಸುಕಿನಲ್ಲಿ ಈ ಊರಿನ ಸುತ್ತಣ ಹಾದಿಗಳಲ್ಲಿ ಸಾಗುವ ದಂಡು ಬೇರೆಯದು. ಗುಲಾಬಿಯ ಹಸಿರುಮನೆಗಳಲ್ಲಿ ಬಿಸಿಲೇರುವ ಮೊದಲೇ ಹೂವು ಕೊಯ್ಯಬೇಕಾದವರು, ಟೊಮೇಟೊ ತೋಟದ ಕೂಲಿಗೆ ಹೋಗುವವರು, ಹೊಸೂರಿನ ಸುತ್ತಮುತ್ತಲ ಕಾರ್ಖಾನೆಗಳ ಪಾಳಿಗೆ ಹೊರಟು ಬಸ್ಸು ಕಾಯುವವರು, ಇವರಲ್ಲಿ ಬಹುಪಾಲು ಹೆಂಗಸರು. ಅವರಲ್ಲಿ ಅನೇಕರು ಮನೆಯಲ್ಲಿ ಇನ್ನೂ ಕಣ್ಣು ಬಿಡದ ಕೂಸನ್ನು ಅತ್ತೆಯ ಮಗ್ಗುಲಿಗೆ ಸರಿಸಿ ಎದ್ದು ಬಂದ ತಾಯಂದಿರು.

ತಾಯಿ ಮರಳಿ ಬರುವವರೆಗಿನ ಆ ಎಂಟು ಹತ್ತು ಗಂಟೆಗಳಲ್ಲಿ ಆ ಕೂಸಿಗೆ ಏನಾಗುತ್ತದೆ? ಈ ಪ್ರಶ್ನೆಗೆ ನಮ್ಮ ಸಮಾಜವು ಬಹುಕಾಲದಿಂದ ಕೊಟ್ಟುಕೊಂಡು ಬಂದ ಉತ್ತರ ಬಲು ಚಿಕ್ಕದು: ಹೊಟ್ಟೆಗಿಷ್ಟು ಹಾಕಿ, ಬಾವಿಯ ಕಡೆಗೆ ಹೋಗದಂತೆ, ಒಲೆಯ ಹತ್ತಿರ ಸುಳಿಯದಂತೆ ನೋಡಿಕೊಂಡರೆ ಸಾಕು, ಮಗು ತಾನೇ ತಾನಾಗಿ ಬೆಳೆಯುತ್ತದೆ ಎಂಬುದು. ಸರಕಾರವು ಅಂಗನವಾಡಿಯೆಂದು ಕರೆಯುವ ಬಾಲವಾಡಿಯನ್ನು ಕುರಿತು ಹಳ್ಳಿಗಳಲ್ಲಿ ಇಂದಿಗೂ ಪ್ರಚಲಿತವಾಗಿರುವ ಭಾವನೆ ಇದೇ. ಅನ್ನ ಹಾಕಿ ಮಲಗಿಸಿ ಕಳುಹಿಸುವ ಜಾಗವೆಂದು ಜನ ಅದನ್ನು ಬಗೆಯುತ್ತಾರೆ. ಅನ್ನವೂ ಕಾವಲೂ ಮಗುವಿಗೆ ಅತ್ಯವಶ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವೆರಡರ ಜೊತೆಗೆ, ಅವೆರಡರಷ್ಟೇ ಅವಶ್ಯವಾಗಿ, ಕೂಸಿಗೆ ಬೇಕಾದ ಮೂರನೆಯದೊಂದಿದೆ: ಅದು ಕೂಗಿದಾಗ ಓಗೊಡುವ, ಬೆರಳು ತೋರಿಸಿದತ್ತ ಕಣ್ಣು ಹಾಯಿಸುವ, ತೊದಲಿದುದನ್ನು ಪೂರ್ತಿ ಮಾಡಿ ಮರಳಿ ಹೇಳುವ, ದಿನವೂ ಅದೇ ಮುಖದಿಂದ ಎದುರುಗೊಳ್ಳುವ ಒಬ್ಬ ಪರಿಚಿತ ವ್ಯಕ್ತಿ. ಈ ಮೂರನೆಯದಕ್ಕೆ ಬಜೆಟ್ಟಿನಲ್ಲಿ ಪ್ರತ್ಯೇಕವಾದ ಬಾಬತ್ತಿಲ್ಲ, ತೂಕದ ಪಟ್ಟಿಯಲ್ಲಿ ಅದಕ್ಕೊಂದು ಮನೆಯಿಲ್ಲ. ಆದುದರಿಂದಲೇ ಅದನ್ನು ಕುರಿತು ವಿಸ್ತಾರವಾಗಿ ಹೇಳಬೇಕಾಗಿದೆ.

ಹುಟ್ಟಿದ ಮಗುವಿನ ಮಿದುಳು ತೂಕದಲ್ಲಿ ವಯಸ್ಕನ ಮಿದುಳಿನ ಕಾಲುಭಾಗದಷ್ಟಿರುತ್ತದೆ. ಮೂರು ವರ್ಷ ತುಂಬುವಷ್ಟರಲ್ಲಿ ಅದು ಹೆಚ್ಚು ಕಡಿಮೆ ಐದರಲ್ಲಿ ನಾಲ್ಕು ಪಾಲಿನಷ್ಟಾಗಿ ಬೆಳೆದುಬಿಡುತ್ತದೆ. ದೇಹದ ಬೇರೆ ಯಾವ ಅಂಗವೂ ಇಷ್ಟು ಅವಸರದಿಂದ ಬೆಳೆಯುವುದಿಲ್ಲ. ಈ ಬೆಳವಣಿಗೆಯೆಂದರೆ ಬರಿಯ ಗಾತ್ರದ ಹೆಚ್ಚಳವಲ್ಲವಷ್ಟೆ. ನರಕೋಶಕ್ಕೂ ನರಕೋಶಕ್ಕೂ ನಡುವೆ ಕೊಂಡಿಗಳು ಬೆಸೆದುಕೊಳ್ಳುತ್ತ, ಬಳಕೆಗೆ ಬಂದವು ಗಟ್ಟಿಯಾಗುತ್ತ, ಬಳಕೆಗೆ ಬಾರದವು ಕಳಚಿಹೋಗುತ್ತ ನಡೆಯುವ ಒಂದು ನಿರಂತರವಾದ ವ್ಯಾಪಾರವದು. ಯಾವ ಕೊಂಡಿ ಉಳಿಯಬೇಕು, ಯಾವುದು ಕಳಚಬೇಕು ಎಂಬುದನ್ನು ನಿರ್ಣಯಿಸುವುದರಲ್ಲಿ ಆನುವಂಶಿಕತೆಗೆ ಎಷ್ಟು ಪಾತ್ರವಿದೆಯೋ, ಕೂಸಿನ ಸುತ್ತಲಿನವರು ಅದರೊಡನೆ ನಡೆದುಕೊಳ್ಳುವ ರೀತಿಗೂ ಅಷ್ಟೇ ದೊಡ್ಡ ಪಾತ್ರವಿದೆ. ಕೂಸು ಕೇಕೆ ಹಾಕಿದಾಗ ಎದುರಿನವರು ನಕ್ಕು ಕೇಕೆ ಹಾಕಿದರೆ, ಕೊಟ್ಟು ತೆಗೆದುಕೊಳ್ಳುವ ಆ ಅಲ್ಪಕಾಲದ ಆಟವೇ ನುಡಿಯ, ಎಣಿಕೆಯ, ಸಹನೆಯ, ವಿಶ್ವಾಸದ ತಳಪಾಯವಾಗುತ್ತದೆ.

ಇದು ಕೇವಲ ಊಹೆಯ ಮಾತೆಂದು ಯಾರೂ ಭಾವಿಸಬಾರದು. ರುಮೇನಿಯದ ಅನಾಥಾಲಯಗಳಲ್ಲಿ ಊಟ, ಬಟ್ಟೆ, ಹಾಸಿಗೆಗಳಿದ್ದರೂ ಮಾತನಾಡಿಸುವವರಿಲ್ಲದೆ ಸಾಲುತೊಟ್ಟಿಲುಗಳಲ್ಲಿ ಬೆಳೆದ ಮಕ್ಕಳ ಬುದ್ಧಿಯೂ ಮನಸ್ಸೂ ಕುಗ್ಗಿಹೋದುದನ್ನು, ಅಂಥವರಲ್ಲಿ ಎರಡು ವರ್ಷ ತುಂಬುವ ಮೊದಲೇ ಸಾಕುಮನೆಗಳನ್ನು ಸೇರಿದ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡುದನ್ನು, 2000ದಲ್ಲಿ ಬುಕಾರೆಸ್ಟಿನಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವೊಂದು ತೋರಿಸಿಕೊಟ್ಟಿದೆ. ನಮಗೆ ಇನ್ನೂ ಹತ್ತಿರವಾಗಿ ತೋರುವುದು ಜಮೈಕದ ದೃಷ್ಟಾಂತ. ಅಲ್ಲಿನ ಕಿಂಗ್‌ಸ್ಟನ್ ನಗರದ ಬಡಕೇರಿಗಳಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಪುಟ್ಟ ಮಕ್ಕಳನ್ನು 1986–87ರಲ್ಲಿ ಆರಿಸಿಕೊಂಡು, ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಮತ್ತು ಅವರ ಸಂಗಡಿಗರು ಕೆಲವರ ಮನೆಗಳಿಗೆ ಎರಡು ವರ್ಷಗಳ ಕಾಲ ವಾರಕ್ಕೊಮ್ಮೆ ಒಬ್ಬ ಕಾರ್ಯಕರ್ತೆಯನ್ನು ಕಳುಹಿಸಿದರು. ಆಕೆ ಮಾಡುತ್ತಿದ್ದುದಿಷ್ಟೆ: ಒಂದು ಗಂಟೆ ಕುಳಿತು, ಮನೆಯಲ್ಲೇ ತಯಾರಿಸಬಹುದಾದ ಆಟಿಕೆಗಳನ್ನಿಟ್ಟುಕೊಂಡು, ಮಗುವಿನೊಡನೆ ಹೇಗೆ ಆಡಬೇಕು, ಹೇಗೆ ಮಾತನಾಡಬೇಕು ಎಂಬುದನ್ನು ತಾಯಿಗೆ ತೋರಿಸುವುದು. ಇಪ್ಪತ್ತು ವರ್ಷಗಳ ತರುವಾಯ ಆ ಮಕ್ಕಳು ಪ್ರಾಯಕ್ಕೆ ಬಂದು ದುಡಿಯತೊಡಗಿದಾಗ, ಅಂಥ ಭೇಟಿಗಳ ಸೌಕರ್ಯವಿಲ್ಲದಿದ್ದ ಜೊತೆಗಾರರಿಗಿಂತ ಅವರ ಸಂಪಾದನೆ ಶೇಕಡಾ 25ರಷ್ಟು ಹೆಚ್ಚಾಗಿತ್ತು. ವಾರಕ್ಕೆ ಒಂದು ಗಂಟೆ! ನಮ್ಮ ಬಾಲವಾಡಿಗಳ ಕೈಯಲ್ಲಿ ವಾರಕ್ಕೆ ಆರು ಹಗಲುಗಳಿರುತ್ತವೆ ಎಂಬುದನ್ನು ನೆನೆದಾಗ ಮನಸ್ಸು ಉತ್ಸಾಹಗೊಳ್ಳುತ್ತದೆ. ಆ ಹಗಲುಗಳು ಹೇಗೆ ಕಳೆಯುತ್ತವೆ ಎಂಬುದನ್ನು ನೋಡಿದಾಗ ಅಷ್ಟೇ ಖೇದವೂ ಆಗುತ್ತದೆ.

ಓಗೊಡುವುದೆಂದರೇನು ಎಂಬುದು ಹತ್ತಿರದಿಂದ ನೋಡಿದವರಿಗೆ ಮಾತ್ರ ತಿಳಿಯುವ ಸಂಗತಿ. ಕೆಲಮಂಗಲದ ಸುತ್ತಿನ ಹಳ್ಳಿಯೊಂದರ ಬಾಲವಾಡಿಯ ಜಗಲಿಯ ಮೇಲೆ ಮೂರು ವರ್ಷದ ಹುಡುಗಿಯೊಬ್ಬಳು ಹುಣಸೆಬೀಜಗಳನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಸುರಿಯುತ್ತ ಕುಳಿತಿದ್ದಳು. ಸಣ್ಣ ಲೋಟ ತುಂಬಿ ಬೀಜಗಳು ಚೆಲ್ಲಿದವು. ಅವಳು ಚೆಲ್ಲಿದುದನ್ನು ಆಯ್ದು ಮತ್ತೆ ಸುರಿದಳು, ಮತ್ತೆ ಚೆಲ್ಲಿತು. ಮೂರನೆಯ ಸಲ ಸುರಿಯುವ ಮೊದಲು ಕೈ ತಡೆದು, ಅಡಿಗೆಯ ಕೋಣೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಆಯಾಳ ಮುಖವನ್ನು ನೋಡಿದಳು. ಆಯಾ ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆಯೇ, “ಅದರಾಗೆ ಹಿಡಿಯಾಕಿಲ್ಲ ಕಣಮ್ಮಿ, ಅದು ಚಿಕ್ಕದು, ದೊಡ್ಡದು ತಕ್ಕೊ ನೋಡಾನ” ಎಂದಳು. ಹುಡುಗಿ ಸುತ್ತಲೂ ನೋಡಿ, ನೀರಿನ ಚೊಂಬನ್ನು ಎಳೆದುಕೊಂಡು, ಎಲ್ಲ ಬೀಜಗಳನ್ನೂ ಅದಕ್ಕೆ ಸುರಿದು, ಚೊಂಬನ್ನು ಅಲ್ಲಾಡಿಸಿ ಸದ್ದು ಕೇಳಿ, ಗಹಗಹಿಸಿ ನಕ್ಕಳು. ಆಯಾಳೂ ನಕ್ಕಳು. ಇಷ್ಟೇ ನಡೆದುದು. ಆದರೆ ಹಿರಿದು ಕಿರಿದುಗಳ ಜ್ಞಾನ, ಒಂದು ಉಪಾಯ ಫಲಿಸದಿದ್ದರೆ ಇನ್ನೊಂದನ್ನು ಅರಸುವ ಬುದ್ಧಿ, ಕಷ್ಟಕ್ಕೆ ಸಿಕ್ಕಿದಾಗ ಹಿರಿಯರ ಮುಖ ನೋಡಬಹುದೆಂಬ ಭರವಸೆ, ಗೆದ್ದಾಗ ಜೊತೆಗೂಡಿ ನಗುವವರುಂಟೆಂಬ ಸಂತೋಷ, ಇವೆಲ್ಲವೂ ಆ ಅರೆಗಳಿಗೆಯಲ್ಲಿ ಅಡಕವಾಗಿದ್ದವು. ಆಯಾ ಓಡಿಬಂದು ಬೀಜಗಳನ್ನು ತಾನೇ ತುಂಬಿಕೊಟ್ಟಿದ್ದರೆ ಈ ಪಾಠವು ಕೆಟ್ಟುಹೋಗುತ್ತಿತ್ತು. ಮುಖವೆತ್ತಿ ನೋಡದೆ ಸುಮ್ಮನಿದ್ದಿದ್ದರೂ ಕೆಟ್ಟುಹೋಗುತ್ತಿತ್ತು. ಇಷ್ಟು ಪುಟ್ಟ ಮಕ್ಕಳಿರುವೆಡೆ ಬೀಜವು ಮೂಗಿಗೋ ಗಂಟಲಿಗೋ ಹೋಗದಂತೆ ಒಂದು ಕಣ್ಣು ಸದಾ ಅತ್ತಲೇ ಇರಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆನು. ಆ ಆಯಾಳ ಕಣ್ಣು ಅತ್ತಲೇ ಇತ್ತು.

ಈ ಪ್ರಾಂತದ ಆಯಾಗಳಲ್ಲಿಯೂ ಟೀಚರುಗಳಲ್ಲಿಯೂ ಇರುವ ಒಂದು ಸಂಪತ್ತನ್ನು ದೊಡ್ಡ ನಗರದ ಶಿಶುವಿಹಾರಗಳು ಎಷ್ಟು ಹಣ ಕೊಟ್ಟರೂ ತಂದುಕೊಳ್ಳಲಾರವು. ಒಂದು ಮಗು “ನೀರು” ಎನ್ನುತ್ತದೆ, ಇನ್ನೊಂದು “ತಣ್ಣಿ” ಎನ್ನುತ್ತದೆ, ಮೂರನೆಯದು “ನೀಳ್ಳು” ಎನ್ನುತ್ತದೆ. ಆಯಾ ಮೂವರಿಗೂ ಅವರವರ ಮಾತಿನಲ್ಲಿಯೇ ಉತ್ತರ ಕೊಟ್ಟು ಲೋಟ ನೀಡುತ್ತಾಳೆ. ಯಾವ ತರಬೇತಿಯೂ ಇದನ್ನು ಆಕೆಗೆ ಕಲಿಸಿದ್ದಲ್ಲ, ಬೀದಿ ಕಲಿಸಿದ್ದು. ಇದರ ಬೆಲೆಯೆಷ್ಟೆಂಬುದನ್ನು ಅರಿಯಬೇಕಾದರೆ 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡದ ವಿದ್ವಾಂಸರಿಬ್ಬರು ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಇಂಗ್ಲಿಷ್ ಮನೆಗಳಲ್ಲಿ ಹುಟ್ಟಿದ ಆರೆಂಟು ತಿಂಗಳ ಕೂಸುಗಳಿಗೆ ಅವರು ಹಿಂದಿಯ ತಕಾರ ಟಕಾರಗಳನ್ನು ಕೇಳಿಸಿದರು. ದೊಡ್ಡವರಾದ ಇಂಗ್ಲಿಷರ ಕಿವಿಗೆ ಸುಲಭವಾಗಿ ನಿಲುಕದ ಆ ಭೇದವನ್ನು ಕೂಸುಗಳು ಲೀಲಾಜಾಲವಾಗಿ ಗುರುತಿಸಿದವು. ಆದರೆ ಹತ್ತು ಹನ್ನೆರಡು ತಿಂಗಳು ತುಂಬುವ ಹೊತ್ತಿಗೆ ಆ ಸಾಮರ್ಥ್ಯವು ಬಹುಮಟ್ಟಿಗೆ ಇಳಿದುಹೋಗಿತ್ತು. ಮಗುವು ಮೊದಲ ಮಾತನ್ನು ಆಡುವ ಮುನ್ನವೇ ಅದರ ಕಿವಿಯು ತನ್ನ ಮನೆಯ ನುಡಿಗೆ ಒಗ್ಗಿಕೊಂಡಿರುತ್ತದೆ. ಹೀಗೆ ಒಗ್ಗಿದ ಕಿವಿಯೊಡನೆ, ಕೂಡಿಸಿಟ್ಟ ನೂರಾರು ಪದಗಳೊಡನೆ ಬಾಲವಾಡಿಗೆ ಬರುವ ಎರಡೂವರೆ ವರ್ಷದ ಕನ್ನಡದ ಕೂಸಿಗೆ ಅಲ್ಲಿ ತನ್ನ ಮಾತು ಯಾರಿಗೂ ತಿಳಿಯದೆ ಹೋದರೆ, ಅದು ಭಾಷೆಯೊಂದನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ಕೇಳಿದರೆ ಉತ್ತರ ಸಿಗುತ್ತದೆಂಬ ನಂಬಿಕೆಯನ್ನೇ ಕಳೆದುಕೊಂಡು ಮೂಲೆ ಹಿಡಿಯುತ್ತದೆ.

ತಮಿಳುನಾಡಿನ ಅಂಗನವಾಡಿಗಳಿಗೆ ಸರಕಾರವು ರೂಪಿಸಿಕೊಟ್ಟ ‘ಆಡಿ ಪಾಡಿ ವಿಳೈಯಾಡು ಪಾಪ್ಪಾ’ ಎಂಬ ಪಠ್ಯಕ್ರಮವು ಒಳ್ಳೆಯದು. ತಿಂಗಳಿಗೊಂದು ವಿಷಯವನ್ನು ಹಿಡಿದು, ಹಾಡು, ಕತೆ, ಆಟ, ಕೈಕೆಲಸಗಳ ಮೂಲಕ ಮಗುವನ್ನು ನಡೆಸುವ ಕ್ರಮವದು. ಅದು ತಮಿಳಿನಲ್ಲಿರುವುದು ಸಹಜವೇ ಆಗಿದೆ, ಮತ್ತು ಈ ನಾಡಿನಲ್ಲಿ ಬೆಳೆಯುವ ಮಗುವು ತಮಿಳನ್ನು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಕೆಲಮಂಗಲದ ಮಗು ನಾಲ್ಕು ವರ್ಷಕ್ಕೆ ಮೂರು ಭಾಷೆ ಆಡುವುದನ್ನು ಕಂಡವರು ಮಕ್ಕಳ ಮಿದುಳಿಗೆ ಭಾಷೆ ಭಾರವಾದೀತೆಂದು ಎಂದೂ ಅಂಜಲಾರರು. ನನ್ನ ವ್ಯಾಕುಲವು ಬೇರೆಡೆಯದು. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಸಂವಿಧಾನಕ್ಕೆ 350ಎ ಎಂಬ ಅನುಚ್ಛೇದವನ್ನು ಸೇರಿಸಿ, ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯವನ್ನು ಒದಗಿಸುವಂತೆ ರಾಜ್ಯಗಳಿಗೆ ಹೇಳಲಾಯಿತು. ಆದರೆ ಆ ಮಾತು ಪ್ರಾಥಮಿಕ ಶಿಕ್ಷಣದ ಹಂತಕ್ಕೆ ಅನ್ವಯಿಸುವಂಥದು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯೂ ಆರರಿಂದ ಹದಿನಾಲ್ಕು ವರ್ಷದವರದೇ. ಆರು ವರ್ಷದೊಳಗಿನವರ ಪಾಲಿಗೆ ಉಳಿದಿರುವುದು, 2002ರ ತಿದ್ದುಪಡಿಯಿಂದ ಹೊಸ ರೂಪ ಪಡೆದ 45ನೆಯ ಅನುಚ್ಛೇದದಲ್ಲಿ, ಅವರ ಪಾಲನೆಗೂ ಶಿಕ್ಷಣಕ್ಕೂ ರಾಜ್ಯವು ಪ್ರಯತ್ನಿಸತಕ್ಕದ್ದೆಂಬ ಒಂದು ನಿರ್ದೇಶನ ಮಾತ್ರ. ನುಡಿಯು ಮೂಡುವ ವಯಸ್ಸೊಂದು, ನುಡಿಗೆ ರಕ್ಷಣೆ ದೊರೆಯುವ ವಯಸ್ಸು ಇನ್ನೊಂದು! ಹೊಸೂರು, ತಳಿ, ಡೆಂಕಣಿಕೋಟೆಗಳ ಕಡೆಯ ಕನ್ನಡ ಶಾಲೆಗಳ ಉಳಿವನ್ನು ಕುರಿತು ನಾವು ಎಷ್ಟೋ ಸಭೆಗಳನ್ನು ನಡೆಸಿದ್ದೇವೆ. ಆ ಶಾಲೆಯ ಬಾಗಿಲಿಗೆ ಬರುವ ಮೊದಲಿನ ಮೂರು ವರ್ಷ ಮಗು ಎಲ್ಲಿತ್ತು, ಅದರೊಡನೆ ಯಾರು ಮಾತನಾಡಿದರು ಎಂದು ಕೇಳಿದವರು ವಿರಳ.

ಅಂಗನವಾಡಿಯು ಸರಕಾರಿ ಕಡತದಲ್ಲಿ ಹುಟ್ಟಿದುದಲ್ಲ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ಸಹವರ್ತಿನಿ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿ ಎಂಬ ಊರಿಗೆ ಹೋಗಿ, ಬಡವರ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂದು ಬಗೆದು, ಹಿತ್ತಿಲು ಅಂಗಳಗಳಲ್ಲಿ ಮಕ್ಕಳನ್ನು ಸೇರಿಸಿಕೊಂಡು, ಕಾಯಿ, ಎಲೆ, ಕಲ್ಲು, ಬೀಜಗಳನ್ನೇ ಪಾಠದ ಉಪಕರಣಗಳನ್ನಾಗಿ ಮಾಡಿಕೊಂಡರು. ಮರಿಯಾ ಮಾಂಟೆಸೊರಿ ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಯುದ್ಧಕಾಲವನ್ನೆಲ್ಲ ಭಾರತದಲ್ಲಿಯೇ ಕಳೆದರು. ನಮ್ಮ ಕನ್ನಡದಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಇಂಥವರ ಪರಿಶ್ರಮದ ತರುವಾಯ 1975ರ ಅಕ್ಟೋಬರ್ 2ರಂದು ಭಾರತ ಸರಕಾರವು 33 ಯೋಜನಾ ಪ್ರದೇಶಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟುದು ತಿರುಮಕೂಡಲು ನರಸೀಪುರದಲ್ಲಿ. ತಮಿಳುನಾಡಿನಲ್ಲಿ 1982ರ ಜುಲೈ 1ರಂದು ಎಂ.ಜಿ. ರಾಮಚಂದ್ರನ್ ಅವರು ಮಧ್ಯಾಹ್ನದ ಊಟದ ಯೋಜನೆಯನ್ನು ಜಾರಿಗೆ ತಂದಾಗ, ಎರಡು ವರ್ಷ ತುಂಬಿದ ಮಗುವಿನಿಂದ ಮೊದಲ್ಗೊಂಡು ಊಟವಿಕ್ಕುವ ವ್ಯವಸ್ಥೆಯಾಯಿತು. ಇದರ ಫಲವನ್ನು ಕನ್ನಡಿಗರು ಮತ್ಸರವಿಲ್ಲದೆ ಒಪ್ಪಿಕೊಳ್ಳತಕ್ಕದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು ತಮಿಳುನಾಡಿನಲ್ಲಿ ಶೇಕಡಾ 25, ಕರ್ನಾಟಕದಲ್ಲಿ ಶೇಕಡಾ 35.4.

ಊಟದ ಮಾತು ಬಂದುದರಿಂದ ರಾಗಿಯನ್ನು ಕುರಿತು ಒಂದೆರಡು ಮಾತು ಹೇಳದೆ ಮುಂದೆ ಹೋಗುವುದು ಈ ಸೀಮೆಗೆ ಅಪಚಾರವಾದೀತು. ಹೊಸೂರು ಸೀಮೆಯ ಬಾಣಂತಿಯ ಮನೆಯಲ್ಲಿ ಆರು ತಿಂಗಳು ತುಂಬಿದ ಕೂಸಿಗೆ ರಾಗಿಯ ಸರಿಯನ್ನು ಉಣಿಸುವ ರೂಢಿಯುಂಟಷ್ಟೆ. ರಾಗಿಯನ್ನು ತೊಳೆದು ಇರುಳೆಲ್ಲ ನೆನೆಹಾಕಿ, ಒದ್ದೆಯ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಟ್ಟು, ಬೆಳ್ಳಗೆ ಎಳೆಯಾಗಿ ಮೊಳಕೆ ಹೊರಟ ಮೇಲೆ ನೆರಳಿನಲ್ಲಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು, ಬೀಸಿ, ಕೊನೆಗೆ ತೆಳುವಾದ ಪಂಚೆಯ ಮೇಲೆ ಹಾಕಿ ವಸ್ತ್ರಗಾಳಿತ ಮಾಡುವರು. ಬಟ್ಟೆಯ ಕೆಳಗೆ ಉದುರುವ ಹಿಟ್ಟು ವಿಭೂತಿಯಂತೆ ನುಣುಪಾಗಿರುತ್ತದೆ. ಈ ದೀರ್ಘವಾದ ಉಪಚಾರವು ಕಾಲಹರಣವಲ್ಲವೆಂಬುದು ಆಹಾರಶಾಸ್ತ್ರಜ್ಞರ ಪರೀಕ್ಷೆಗಳಿಂದ ಸ್ಪಷ್ಟವಾಗಿದೆ. ಮೊಳಕೆಯೊಡೆದಾಗ ಧಾನ್ಯದಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಗಂಜಿ ಗಟ್ಟಿಯಾಗದೆ ತೆಳ್ಳಗಾಗುತ್ತದೆ. ಕೂಸಿನ ಪುಟ್ಟ ಹೊಟ್ಟೆಗೆ ಅದೇ ಪ್ರಮಾಣದಲ್ಲಿ ಹೆಚ್ಚು ಸತ್ತ್ವವನ್ನು ಸೇರಿಸಲು ಇದರಿಂದ ಅನುಕೂಲವಾಗುತ್ತದೆ. ಕಬ್ಬಿಣದ ಅಂಶವು ಮೈಗೂಡದಂತೆ ತಡೆಯುವ ಫೈಟೇಟುಗಳೂ ತಗ್ಗುತ್ತವೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕ ಸುಣ್ಣಾಂಶವಿದೆ. ಅಂಗನವಾಡಿಯಿಂದ ಮನೆಗೆ ಕೊಡುವ ಸತ್ತುಮಾವೆಂಬ ಪೌಷ್ಟಿಕ ಹಿಟ್ಟಿನ ಪೊಟ್ಟಣವನ್ನೂ ವಾರಕ್ಕೆ ಮೂರು ಮೊಟ್ಟೆಯನ್ನೂ ನಾನು ಕಡೆಗಣಿಸುತ್ತಿಲ್ಲ. ಅವು ಎಷ್ಟೋ ಮಕ್ಕಳ ಮೈಯನ್ನು ತುಂಬಿಸಿವೆ. ಆದರೆ ಈ ಮಣ್ಣಿನ ಬೆಳೆಯಾದ ರಾಗಿಯ ಸರಿಗೆ ಈ ಪ್ರಾಂತದ ಅಂಗನವಾಡಿಗಳ ಪಾತ್ರೆಯಲ್ಲಿ ಇನ್ನೂ ಹೆಚ್ಚಿನ ಸ್ಥಾನ ಸಲ್ಲಬೇಕು.

ಉಣಿಸುವ ಬಗೆಯೂ ಇಲ್ಲಿ ಮುಖ್ಯ. ಕೂಸಿನ ಬಾಯಿಗೆ ಒಳಲೆಯನ್ನು ಅದುಮಿ ಸುರಿದರೂ ಹೊಟ್ಟೆ ತುಂಬುತ್ತದೆ. ಎದುರಿಗೆ ಕುಳಿತು, ಕಾಗೆಗೊಂದು ತುತ್ತು ತೋರಿಸಿ, ಬಾಯಿ ತೆರೆದಾಗ ಇಟ್ಟು, ಮುಖ ತಿರುಗಿಸಿದಾಗ ನಿಲ್ಲಿಸಿ, ಮತ್ತೆ ಮಾತನಾಡಿಸಿ ಉಣಿಸಿದರೂ ತುಂಬುತ್ತದೆ. ಎರಡನೆಯ ರೀತಿಯಲ್ಲಿ ಉಂಡ ಮಗುವು ಹಸಿವನ್ನೂ ತೃಪ್ತಿಯನ್ನೂ ತಾನೇ ಗುರುತಿಸಲು ಕಲಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಬ್ಯಾಂಕುಗಳು 2018ರಲ್ಲಿ ಹೊರತಂದ ಶಿಶುಪಾಲನೆಯ ಮಾರ್ಗಸೂಚಿಯು ಆರೋಗ್ಯ, ಪೋಷಣೆ, ಸುರಕ್ಷತೆ, ಎಳವೆಯ ಕಲಿಕೆಗಳ ಸಾಲಿನಲ್ಲಿಯೇ, ಅವುಗಳಿಗೆ ಸರಿಸಮವಾಗಿ, ಮಗುವಿನ ಸನ್ನೆಯನ್ನರಿತು ಸ್ಪಂದಿಸುವ ಪಾಲನೆಯನ್ನು ಹೆಸರಿಸಿದೆ. ನಮ್ಮ ಅಜ್ಜಿಯರು ತೊಡೆಯ ಮೇಲೆ ಕೂರಿಸಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ಈಗ ಜಿನೀವದಲ್ಲಿ ಮನ್ನಣೆ ದೊರೆತಂತಾಯಿತು. ಆದರೆ ಅಜ್ಜಿಯ ತೊಡೆಯ ಮೇಲೆ ಒಂದು ಕೂಸು, ಹೆಚ್ಚೆಂದರೆ ಎರಡು. ಬಾಲವಾಡಿಯ ಟೀಚರಿನ ಎದುರಿಗೆ ಇಪ್ಪತ್ತು ಮಂದಿ.

ಇದೇ ಈ ವಿಷಯದ ಮರ್ಮಸ್ಥಾನ. ಒಂದು ಅಂಗನವಾಡಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಕಾರ್ಯಕರ್ತೆಯು ಮಕ್ಕಳಿಗೆ ಹಾಡು ಕತೆಗಳನ್ನು ಹೇಳಬೇಕು. ಅದರೊಡನೆ ಗರ್ಭಿಣಿಯರ ಪಟ್ಟಿ, ಬಾಣಂತಿಯರ ಪಟ್ಟಿ, ತೂಕದ ದಾಖಲೆ, ಚುಚ್ಚುಮದ್ದಿನ ದಿನ ಮನೆಮನೆಗೆ ಹೋಗಿ ಕರೆತರುವುದು, ಆಹಾರದ ಲೆಕ್ಕ, ಈಗ ಇವೆಲ್ಲವನ್ನೂ ಮೊಬೈಲಿಗೆ ತುಂಬುವುದು, ಮೇಲಿನವರು ಕರೆದಾಗ ಸಭೆಗೆ ಓಡುವುದು. ಸಹಾಯಕಿಗೆ ಅಡಿಗೆ, ಪಾತ್ರೆ, ಕಸ. ಹೀಗಿರುವಾಗ ಹುಣಸೆಬೀಜ ಚೆಲ್ಲಿ ಮುಖವೆತ್ತಿ ನೋಡುವ ಮಗುವಿಗೆ ಉತ್ತರ ಕೊಡಲು ಬಿಡುವಿರುವವರು ಯಾರು? ತಮಿಳುನಾಡಿನಲ್ಲಿಯೇ ನಡೆದ ಒಂದು ದೊಡ್ಡ ಪ್ರಯೋಗವು ಇದಕ್ಕೆ ಉತ್ತರ ಹೇಳಿದೆ. ಅಲೆಹಾಂದ್ರೊ ಗಾನಿಮಿಯನ್, ಕಾರ್ತಿಕ್ ಮುರಳೀಧರನ್, ಕ್ರಿಸ್ಟೋಫರ್ ವಾಲ್ಟರ್ಸ್ ಎಂಬ ಅರ್ಥಶಾಸ್ತ್ರಜ್ಞರು ರಾಜ್ಯದ 320 ಅಂಗನವಾಡಿಗಳನ್ನು ಆಯ್ದು, ಅವುಗಳಲ್ಲಿ ಅರ್ಧದಷ್ಟಕ್ಕೆ ದಿನದಲ್ಲಿ ಅರ್ಧ ಹೊತ್ತು ಮಾತ್ರ ಕೆಲಸ ಮಾಡುವ, ಮಕ್ಕಳ ಕಲಿಕೆಯೊಂದನ್ನೇ ನೋಡಿಕೊಳ್ಳುವ ಒಬ್ಬ ಹೆಚ್ಚಿನ ಕಾರ್ಯಕರ್ತೆಯನ್ನು ಕೊಡಿಸಿ, ಒಂದೂವರೆ ವರ್ಷದ ನಂತರ ಪರೀಕ್ಷಿಸಿದರು. ಮಕ್ಕಳಿಗೆ ಸಿಗುವ ಕಲಿಕೆಯ ಸಮಯವು ಇಮ್ಮಡಿಯಾಗಿತ್ತು. ನುಡಿಯಲ್ಲಿ, ಎಣಿಕೆಯಲ್ಲಿ, ಮನಸ್ಸನ್ನು ಹಿಡಿತದಲ್ಲಿಟ್ಟುಕೊಳ್ಳುವ ಶಕ್ತಿಯಲ್ಲಿ ಮಕ್ಕಳು ಮುಂದುವರಿದಿದ್ದರು. ಆಶ್ಚರ್ಯಕರವಾದುದೆಂದರೆ, ಬೆಳವಣಿಗೆ ತೀವ್ರವಾಗಿ ಕುಂಠಿತವಾದ ಮಕ್ಕಳ ಪ್ರಮಾಣವೂ ಇಳಿದಿತ್ತು. ಹೊಸಬಳು ಬಂದುದರಿಂದ ಹಳೆಯ ಕಾರ್ಯಕರ್ತೆಗೆ ಪೋಷಣೆ ಆರೋಗ್ಯಗಳ ಕಡೆ ಗಮನವೀಯಲು ಬಿಡುವು ದೊರೆತಿತ್ತಾದುದರಿಂದ ಹೀಗಾಯಿತು. ಹೊಸ ಕಟ್ಟಡವಾಗಲಿ, ಬೆಲೆಬಾಳುವ ಆಟಿಕೆಗಳಾಗಲಿ ಇಲ್ಲದೆಯೇ, ಕೇವಲ ಇನ್ನೆರಡು ಕೈಗಳಿಂದ ಮೈಯೂ ಬುದ್ಧಿಯೂ ಏಕಕಾಲದಲ್ಲಿ ಚಿಗುರಿದವು.

ಆ ಕೈಗಳಿಗೆ ನಾವು ಕೊಡುತ್ತಿರುವ ಮರ್ಯಾದೆ ಸಾಲದು. ಅವರ ಸಂಭಾವನೆಗೆ ಗೌರವಧನವೆಂದು ಹೆಸರಿಟ್ಟು, ಅವರನ್ನು ಬಹುಕಾಲ ಸೇವಾಸಕ್ತರೆಂಬ ಲೆಕ್ಕದಲ್ಲಿಯೇ ಇರಿಸಲಾಯಿತು. ಅಂಗನವಾಡಿಯ ಕಾರ್ಯಕರ್ತೆಯರೂ ಸಹಾಯಕಿಯರೂ ಗ್ರ್ಯಾಚುಟಿಗೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು 2022ರಲ್ಲಿ. ಯೋಜನೆಗೆ ಆಗ ನಲವತ್ತೇಳನೆಯ ವರ್ಷ ನಡೆಯುತ್ತಿತ್ತು.

ಕೆಲಮಂಗಲದಂಥ ಊರಿನಲ್ಲಿ ಇನ್ನೂ ಎರಡು ಕೊರತೆಗಳು ಎದ್ದು ಕಾಣುತ್ತವೆ. ಬಾಲವಾಡಿಯ ವೇಳೆಗೂ ದುಡಿಯುವ ತಾಯಿಯ ವೇಳೆಗೂ ಹೊಂದಿಕೆಯಿಲ್ಲ; ಹೂವು ಕೊಯ್ಯುವವಳು ಮನೆ ಬಿಡುವಾಗ ಬಾಲವಾಡಿಯ ಬೀಗ ತೆರೆದಿರುವುದಿಲ್ಲ, ಪಾಳಿಯವಳು ಮರಳುವ ಮೊದಲೇ ಅದು ಮುಚ್ಚಿರುತ್ತದೆ. ನಡುವಿನ ಹೊತ್ತನ್ನು ತುಂಬುವವರು ಅಜ್ಜಿಯೋ ಎಂಟು ವರ್ಷದ ಅಕ್ಕನೋ. ರಾಗಿ ತೆನೆಗಟ್ಟುವ ಕಾಲದಲ್ಲಿ ಕಾಡಾನೆಗಳ ಹಿಂಡು ಹೊಲಗಳಿಗಿಳಿದಾಗ ಆ ಅಜ್ಜಿಯೂ ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ತೂಕಡಿಸುವ ಮನೆಗಳುಂಟು. ಎರಡನೆಯದಾಗಿ, ಎರಡು ವರ್ಷ ತುಂಬದ ಕೂಸಿಗೆ ಬಾಲವಾಡಿಯ ಜಗಲಿಯೇ ಇಲ್ಲ; ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ಕಾಲವೇ ವ್ಯವಸ್ಥೆಯ ಹೊರಗುಳಿದಿದೆ. 1969ರಲ್ಲಿ ದಿಲ್ಲಿಯ ರಾಜಘಾಟಿನ ಬಳಿ ಗಾಂಧಿ ಶತಾಬ್ದಿಯ ಪ್ರದರ್ಶನಕ್ಕಾಗಿ ಕಟ್ಟಡಗಳು ಏಳುತ್ತಿದ್ದಾಗ, ಧೂಳಿನಲ್ಲಿ ಬಿದ್ದಿದ್ದ ಕೂಲಿಯವರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಅವರು ಅಲ್ಲಿಯೇ ಒಂದು ಡೇರೆಯಲ್ಲಿ ಶಿಶುಪಾಲನೆಯನ್ನು ಆರಂಭಿಸಿದರು; ಮೊಬೈಲ್ ಕ್ರೆಷಸ್ ಎಂಬ ಸಂಸ್ಥೆ ಹುಟ್ಟಿದುದು ಹಾಗೆ. ಕರ್ನಾಟಕ ಸರಕಾರವು 2023ರ ಬಜೆಟ್ಟಿನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ಗಳನ್ನು ಘೋಷಿಸಿದುದು ಇದೇ ದಾರಿಯ ಒಂದು ದೊಡ್ಡ ಹೆಜ್ಜೆ. ಗಡಿಯ ಈಚೆಗೂ ಅಂಥದೊಂದು ಬಂದರೆ, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವವಳಿಗೂ ತೋಟದ ಕೂಲಿಯವಳಿಗೂ ಆಧಾರವಾದೀತು.

ಕಾರ್ಖಾನೆಯ ತಾಯಂದಿರ ವಿಷಯದಲ್ಲಿ ಕಾಯಿದೆಯು ಮೊದಲಿನಿಂದಲೂ ಅಷ್ಟು ಕೃಪಣವಾಗಿಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ಶಿಶುಗೃಹದ ವಿಧಿಯಿತ್ತು. 50ಕ್ಕೂ ಮಿಕ್ಕು ಹೆಂಗಸರಿದ್ದೆಡೆ ಎಂದಿದ್ದುದನ್ನು 1976ರಲ್ಲಿ 30ಕ್ಕೆ ಇಳಿಸಲಾಯಿತು. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗಾದ ತಿದ್ದುಪಡಿಯು, 50 ಮತ್ತು ಅದಕ್ಕೆ ಮಿಕ್ಕ ನೌಕರರಿರುವ ಸಂಸ್ಥೆಗಳು ಶಿಶುಗೃಹವನ್ನಿಡಬೇಕೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದೂ ಹೇಳಿತು. ಆದರೆ ಹಳ್ಳಿಯಿಂದ ಕಂಪನಿಯ ಬಸ್ಸಿನಲ್ಲಿ ನಸುಕಿಗೇ ಹೊರಟು ದೂರದ ಗೇಟಿಗೆ ಹೋಗುವವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಬೇಕೇ, ಅಥವಾ ಊರಿನಲ್ಲಿಯೇ ಬಿಡಬೇಕೇ ಎಂಬುದು ಕಾಯಿದೆಯ ಅಕ್ಷರದಿಂದ ಬಗೆಹರಿಯುವ ಪ್ರಶ್ನೆಯಲ್ಲ. ನನಗೆ ತೋರುವುದಿಷ್ಟು: ಎದೆಹಾಲು ಕುಡಿಯುವ ಕೂಸು ತಾಯಿಯಿರುವೆಡೆಯೇ ಇರಬೇಕು, ಅದಕ್ಕೆ ತಕ್ಕ ಬಸ್ಸನ್ನೂ ನೆರಳನ್ನೂ ಒದಗಿಸುವುದು ದುಡಿಸಿಕೊಳ್ಳುವವರ ಹೊಣೆ, ನಡೆಯತೊಡಗಿ ಮಾತು ಕಲಿಯುವ ಮಗುವಾದರೋ ತನ್ನ ಬೀದಿಯಲ್ಲಿ, ತನ್ನ ನುಡಿಯನ್ನು ಬಲ್ಲ ಹೆಂಗಸರ ನಡುವೆ ಇರಬೇಕು. ಅಂಥ ಬೀದಿಯ ಶಿಶುಗೃಹಗಳಿಗೆ ಕಂಪನಿಗಳು ತಮ್ಮ ಪಾಲಿನ ಹಣವನ್ನು ಪೇಟೆ ಪಂಚಾಯಿತಿಯ ಮೂಲಕ ಸಲ್ಲಿಸಲಿ. ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯಲಿ. ಕಾರ್ಯಕರ್ತೆಯನ್ನು ಆರಿಸುವಾಗ, ಆಕೆ ಎಷ್ಟನೆಯ ತರಗತಿಯವರೆಗೆ ಓದಿದ್ದಾಳೆಂದು ಕೇಳುವುದರ ಜೊತೆಗೆ, ಆ ಬೀದಿಯ ಮಕ್ಕಳೊಡನೆ ಎಷ್ಟು ಭಾಷೆಗಳಲ್ಲಿ ಮಾತನಾಡಬಲ್ಲಳೆಂದೂ ಕೇಳಲಿ.